ಬುತ್ತಿಯ ಊರಿನಲ್ಲಿ ಕೋಣೆಯ ಒಲೆ

ಧಾರವಾಡದ ಭೂಗೋಲವನ್ನು ನಕಾಶೆಯಲ್ಲಿ ಹುಡುಕುವುದಕ್ಕಿಂತ ಅದರ ಕಾಯಿಪಲ್ಯದ ಪೇಟೆಯಲ್ಲಿ ನೋಡುವುದು ಸುಲಭ. ಊರಿನಿಂದ ಪಶ್ಚಿಮಕ್ಕೆ, ಅಳ್ನಾವರ, ಕಲಘಟಗಿಗಳ ಕಡೆಗೆ ಹೊರಟರೆ ಮಳೆ ಹೆಚ್ಚುತ್ತದೆ, ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ. ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಗಳ ಕಡೆಗೆ ತಿರುಗಿದರೆ ಗಿಡಮರ ವಿರಳವಾಗಿ, ಕಣ್ಣು ಹಾಯುವವರೆಗೂ ಎರೆಭೂಮಿ. ಮಲೆನಾಡಿನ ಸೆರಗು ಬಯಲುಸೀಮೆಯ ಅಂಚನ್ನು ಮುಟ್ಟುವ ಜಾಗದಲ್ಲಿ ಈ ಊರು ಕೂತಿದೆ. ಹಾಗಾಗಿಯೇ ಸೂಪರ್ ಮಾರ್ಕೆಟ್ಟಿನ ಸುತ್ತಲಿನ ಅಂಗಡಿಗಳಲ್ಲಿ ಅಕ್ಕಿಯ ಮೂಟೆಯ ಪಕ್ಕದಲ್ಲೇ ಬಿಳಿಜೋಳದ ಚೀಲ ಬಾಯಿ ತೆರೆದು ನಿಂತಿರುತ್ತದೆ. ಒಂದು ಬದಿಗೆ ಮೆಂತ್ಯೆ, ಪುಂಡಿ, ರಾಜಗಿರಿ, ಹುಣಸಿಕ್ಕ. ಇನ್ನೊಂದು ಬದಿಗೆ ಹೆಸರು, ಮಡಕಿ, ಅಲಸಂದಿ, ಕಡಲೆ. ನವಲೂರಿನ ಪೇರಲ ಹಣ್ಣು ಬುಟ್ಟಿಯಲ್ಲಿ ಬಂದು ಕೂತರೆ ಅಂದಿನ ಪೇಟೆ ಪೂರ್ಣವಾಯಿತು.

ಈ ಊರಿನ ಇನ್ನೊಂದು ಬೆಳೆ ವಿದ್ಯಾರ್ಥಿಗಳು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಇಲ್ಲಿಗೆ ಬಂದು ನೆಲೆಸಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐ.ಐ.ಟಿ. ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಕಾಲೇಜುಗಳು. ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು. ಓದಲು ಬಂದವರಿಗೆ ಪುಸ್ತಕ, ಗ್ರಂಥಾಲಯ, ಗುರುಗಳು ಸಿಗುತ್ತಾರೆ. ಆದರೆ ರಾತ್ರಿ ಎಂಟು ಗಂಟೆಗೆ ಎದುರಾಗುವ ಪ್ರಶ್ನೆ ಪಠ್ಯಕ್ರಮದಲ್ಲಿಲ್ಲ: ಇವತ್ತು ಊಟಕ್ಕೇನು?

ಮಗ ಅಥವಾ ಮಗಳನ್ನು ಓದಲು ಕಳಿಸಿದ ಪಾಲಕರು ಫೋನಿನಲ್ಲಿ ಮೊದಲು ಕೇಳುವುದೂ ಇದನ್ನೇ. ‘ಉಂಡೆಯೇನಪಾ?’ ಎಂಬ ಪ್ರಶ್ನೆಗೆ ‘ಹೂಂ’ ಎಂಬ ಉತ್ತರ ಬರುತ್ತದೆ. ಏನು ಉಂಡದ್ದು ಎಂಬುದು ಆ ‘ಹೂಂ’ನಲ್ಲಿ ಮುಚ್ಚಿಹೋಗುತ್ತದೆ.

ವಾರಾನ್ನದಿಂದ ಬಸ್ಸಿನ ಬುತ್ತಿಗೆ

ಈ ಪ್ರಶ್ನೆಗೆ ಧಾರವಾಡ ಕಾಲಕಾಲಕ್ಕೆ ತನ್ನದೇ ಉತ್ತರಗಳನ್ನು ಕಂಡುಕೊಂಡಿದೆ. ಮೊದಲಿನ ಉತ್ತರ ವಾರಾನ್ನ. ಬಡ ಹುಡುಗ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತು ಮಾಡಿಕೊಂಡು ಉಣ್ಣುತ್ತಿದ್ದ. ಒಂದು ಮನೆ ತಪ್ಪಿದರೆ ಅಂದು ಉಪವಾಸ. ಆಮೇಲೆ ಮಠಗಳ ಉಚಿತ ಪ್ರಸಾದ ನಿಲಯಗಳು ಬಂದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಕಟ್ಟಿ ಬೆಳೆಸಿದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಆ ನಿಲಯಗಳಿಗೆ ಹಳ್ಳಿಗಳಿಂದ ಜೋಳ, ಬೇಳೆ, ಕಟ್ಟಿಗೆ ಭಕ್ತಿಯ ಕಾಣಿಕೆಯಾಗಿ ಬರುತ್ತಿದ್ದವು. ಹೊಲದಿಂದ ನೇರವಾಗಿ ವಿದ್ಯಾರ್ಥಿಯ ತಟ್ಟೆಗೆ ಕಾಳು ಬರುವ ಈ ದಾರಿಗೆ ಆಗ ಯಾರೂ ‘ಸ್ಥಳೀಯ ಆಹಾರ’ ಎಂಬ ದೊಡ್ಡ ಹೆಸರನ್ನು ಕೊಟ್ಟಿರಲಿಲ್ಲ. ಅದರ ಜೊತೆಜೊತೆಗೆ ಖಾನಾವಳಿಗಳು ಬೆಳೆದವು. ತಿಂಗಳಿಗೆ ಇಷ್ಟೆಂದು ಕೊಟ್ಟರೆ ಎರಡು ಹೊತ್ತು ರೊಟ್ಟಿ, ಪಲ್ಯ, ಅನ್ನ, ಸಾರು.

ಇವೆಲ್ಲಕ್ಕಿಂತ ಸ್ವಾರಸ್ಯದ ಉತ್ತರವೆಂದರೆ ಬಸ್ಸಿನ ಬುತ್ತಿ. ಹಳ್ಳಿಯಲ್ಲಿ ತಾಯಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿಗೆ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ ಊರ ಮುಂದಿನ ನಿಲ್ದಾಣದಲ್ಲಿ ಸರಕಾರಿ ಬಸ್ಸಿನಲ್ಲಿ ಇಡುತ್ತಾಳೆ. ಬಸ್ಸು ಧಾರವಾಡ ಮುಟ್ಟುವ ಹೊತ್ತಿಗೆ ಹುಡುಗ ನಿಲ್ದಾಣದಲ್ಲಿ ಕಾದಿರುತ್ತಾನೆ. ನಿನ್ನೆಯ ಖಾಲಿ ಡಬ್ಬಿಯನ್ನು ಕೊಟ್ಟು ಇವತ್ತಿನ ತುಂಬಿದ ಡಬ್ಬಿಯನ್ನು ಇಳಿಸಿಕೊಳ್ಳುತ್ತಾನೆ. ಉತ್ತರ ಕರ್ನಾಟಕದ ಓದಿನ ಊರುಗಳಲ್ಲೆಲ್ಲ ತಲೆಮಾರುಗಳಿಂದ ನಡೆದು ಬಂದ ಪದ್ಧತಿ ಇದು. ಇದಕ್ಕೆ ಅರ್ಜಿಯಿಲ್ಲ, ಸಮಿತಿಯಿಲ್ಲ. ಚಾಲಕ ನಿರ್ವಾಹಕರ ಒಳ್ಳೆಯತನ, ವೇಳೆಗೆ ಸರಿಯಾಗಿ ಓಡುವ ಬಸ್ಸು, ತಾಯಿಯ ಕೈ, ಈ ಮೂರರ ಮೇಲೆ ಅದು ನಿಂತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ, ತಾಯಿ ತಾನೇ ಬುತ್ತಿ ಹಿಡಿದು ಬಂದು ಮಗಳ ಕೋಣೆ ನೋಡಿಹೋಗುವುದೂ ಸುಲಭವಾಗಿದೆ.

ರೊಟ್ಟಿ ಪ್ರಯಾಣ ಮಾಡುವುದೇಕೆ?

ಅನ್ನ ಪ್ರಯಾಣ ಮಾಡುವುದಿಲ್ಲ, ರೊಟ್ಟಿ ಮಾಡುತ್ತದೆ. ಬುತ್ತಿಯ ಪದ್ಧತಿ ಜೋಳದ ನಾಡಿನಲ್ಲಿ ಗಟ್ಟಿಯಾಗಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿನೀರಿಗೆ ಪಿಷ್ಟ ಬೆಂದು ಜಿಗಿ ಬಿಟ್ಟು ಹಿಟ್ಟನ್ನು ಹಿಡಿದಿಡುತ್ತದೆ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಆನಿಸಿ ಒಣಗಿಸಿದರೆ ನೀರಿನಂಶ ಹೊರಟುಹೋಗಿ ಕಟಕ ರೊಟ್ಟಿಯಾಗುತ್ತದೆ. ನೀರಿಲ್ಲದಲ್ಲಿ ಬೂಷ್ಟಿಗೆ ಕೆಲಸವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಅದರ ಜೊತೆಗಾರರೂ ಅಂಥವರೇ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಪುಟಾಣಿ ಚಟ್ನಿಪುಡಿ. ಎಲ್ಲವೂ ಒಣ, ಎಲ್ಲವೂ ಹುರಿದದ್ದು, ಎಲ್ಲದರಲ್ಲೂ ಎಣ್ಣೆಕಾಳಿನ ಸತ್ವ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಬೆಳ್ಳುಳ್ಳಿಯ ಘಾಟು. ಒಂದು ರೊಟ್ಟಿ, ಎರಡು ಚಮಚ ಹಿಂಡಿ, ಒಂದು ಬಟ್ಟಲು ಮೊಸರು, ಒಂದು ಹಸಿ ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆ ಊಟವಾಗುತ್ತದೆ. ಹೊಲಕ್ಕೆ ಹೋಗುವವನಿಗೆ, ಜಾತ್ರೆಗೆ ನಡೆಯುವವನಿಗೆ, ಪರವೂರಿನಲ್ಲಿ ಓದುವವನಿಗೆ ಹೊಂದುವಂತೆ ಈ ಊಟವನ್ನು ರೂಪಿಸಿದವರು ಹೆಸರಿಲ್ಲದ ಹೆಣ್ಣುಮಕ್ಕಳು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಪೂರ್ಣ ವಿನ್ಯಾಸ.

ಸತ್ವದ ಲೆಕ್ಕದಲ್ಲೂ ಅವರು ಸೋತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇವೆ. ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಮಿಗೂ ಕಡಿಮೆ. ಇದು ಬರಿಯ ಅಂಕಿಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇಕಡಾ 48 ಮಂದಿಗೆ ರಕ್ತಹೀನತೆ ಇದೆ. ಓದಲೆಂದು ಊರು ಬಿಟ್ಟ ಹುಡುಗಿಯರೂ ಈ ಲೆಕ್ಕದ ವಯಸ್ಸಿನವರೇ. ಓದುವಾಗ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಮನಸ್ಸು ನಿಲ್ಲದಿರುವುದು, ಇವಕ್ಕೆಲ್ಲ ಸೋಮಾರಿತನವೇ ಕಾರಣ ಎಂದುಕೊಳ್ಳುವ ಮೊದಲು ತಟ್ಟೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಬುತ್ತಿ ತರಲಾರದ್ದು

ಆದರೆ ಬುತ್ತಿಗೂ ಮಿತಿಯಿದೆ. ಅದು ಎಲ್ಲವನ್ನೂ ಹೊತ್ತು ತರಲಾರದು. ಹಸಿ ಸೊಪ್ಪು ಬಾಡುತ್ತದೆ, ಬೇಸಿಗೆಯಲ್ಲಿ ಪಲ್ಯ ದಾರಿಯಲ್ಲೇ ಹಳಸುತ್ತದೆ, ಮೊಸರು ಚೆಲ್ಲುತ್ತದೆ. ದೂರದ ರಾಯಚೂರು, ಕಲಬುರಗಿ, ಬೀದರದಿಂದ ಬಂದವರಿಗೆ ದಿನದ ಬುತ್ತಿ ಸಾಧ್ಯವೇ ಇಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗಿ ತಂದ ರೊಟ್ಟಿಯ ಗಂಟು ಮೊದಲ ಹದಿನೈದು ದಿನಕ್ಕೆ ಮುಗಿದರೆ ಉಳಿದ ದಿನಗಳು ಬೇಕರಿಯ ಪಾಲು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಈ ಪದ್ಧತಿಯ ಭಾರವೆಲ್ಲ ಒಬ್ಬಳ ಹೆಗಲ ಮೇಲಿದೆ. ಹೊಲದ ಕೂಲಿ, ದನಕರು, ಮನೆಗೆಲಸದ ಜೊತೆಗೆ ಮುಂಜಾನೆಯ ಬಸ್ಸಿಗೆ ಮುಂಚೆ ರೊಟ್ಟಿ ಬಡಿಯುವ ತಾಯಿಗೆ ಜ್ವರ ಬಂದರೆ ಐವತ್ತು ಕಿಲೋಮೀಟರ್ ದೂರದಲ್ಲಿ ಮಗ ಉಪವಾಸ. ಇಪ್ಪತ್ತು ವರ್ಷದ ಹುಡುಗನೊಬ್ಬ ಪ್ರತಿದಿನ ತುಂಬಿದ ಡಬ್ಬಿ ಇಳಿಸಿಕೊಂಡು ಖಾಲಿ ಡಬ್ಬಿ ಹತ್ತಿಸುತ್ತಾನೆ. ಅದು ತುಂಬುವ ಬಗೆ ಮಾತ್ರ ಅವನಿಗೆ ಗೊತ್ತಿಲ್ಲ. ಧಾರವಾಡದಲ್ಲಿ ಅರ್ಧ ವ್ಯವಸ್ಥೆ ಆಗಲೇ ಸಿದ್ಧವಿದೆ. ಕಟ್ಟಬೇಕಾದದ್ದು ಉಳಿದರ್ಧ, ಎಂದರೆ ವಿದ್ಯಾರ್ಥಿಯ ಕೈ.

ಬಾಡಿಗೆ ಕೋಣೆಗಳಲ್ಲಿ ಒಲೆಗಳು ಇಲ್ಲವೆಂದಲ್ಲ. ಇಬ್ಬರು ಮೂವರು ಸೇರಿ ಒಂದು ಕೋಣೆ ಹಿಡಿದು ಕುಕ್ಕರು ಕೂಗಿಸುವವರು ಬೇಕಾದಷ್ಟಿದ್ದಾರೆ. ಆದರೆ ಆ ಕುಕ್ಕರಿನಲ್ಲಿ ಬಹುತೇಕ ದಿನ ಬೇಯುವುದು ಅನ್ನ ಮತ್ತು ತಿಳಿಸಾರು. ಬೇಸರವಾದ ದಿನ ಎರಡು ನಿಮಿಷದ ಶ್ಯಾವಿಗೆ. ಮೆಂತ್ಯೆ ಸೊಪ್ಪಿನ ಕಟ್ಟು ಎರಡು ಫರ್ಲಾಂಗು ದೂರದಲ್ಲೇ ಇದೆ. ಅದು ಕೋಣೆಗೆ ಬರುವುದಿಲ್ಲ. ಯಾರು ತರಬೇಕು, ಎಷ್ಟು ತರಬೇಕು, ತಂದರೆ ಏನು ಮಾಡಬೇಕು, ಉಳಿದರೆ ಎಲ್ಲಿಡಬೇಕು ಎಂಬುದು ತಿಳಿಯದು. ಅಡುಗೆ ಪುಸ್ತಕಗಳು ಈ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಅವು ತಂಪು ಪೆಟ್ಟಿಗೆ, ಮಿಕ್ಸರು, ಹದಿನಾರು ಬಗೆಯ ಮಸಾಲೆ ಇರುವ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ಹತ್ತು ಅಡಿ ಹತ್ತು ಅಡಿಯ ಕೋಣೆಗೆ ಬೇಕಾದದ್ದು ಪಾಕಗಳ ಪಟ್ಟಿಗಿಂತ ಹೆಚ್ಚಾಗಿ ಒಂದು ಹೊಂದಿಕೆ.

ಹಣದ ಮಾತೂ ಇಲ್ಲಿ ಬರುತ್ತದೆ. ವಸತಿ ನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ರಾಜ್ಯ ಸರಕಾರ ‘ವಿದ್ಯಾಸಿರಿ’ ಯೋಜನೆ ತಂದಾಗ ಊಟ ವಸತಿ ಎರಡಕ್ಕೂ ಸೇರಿ ಗೊತ್ತು ಮಾಡಿದ್ದು ತಿಂಗಳಿಗೆ 1500 ರೂಪಾಯಿ. ದಿನಕ್ಕೆ 50 ರೂಪಾಯಿ ಎಂದಾಯಿತು. ಅದರಲ್ಲೇ ಕೋಣೆಯ ಬಾಡಿಗೆಯೂ ಹೋಗಬೇಕು. ಇಂಥ ಮೊತ್ತದಲ್ಲಿ ಬದುಕುವವನಿಗೆ ಹೊರಗಿನ ಊಟ ದಿನವೂ ಎಟುಕುವುದಿಲ್ಲ. ಊರಲ್ಲಿ ಬೆಳೆದದ್ದನ್ನು ಕೊಂಡು ಬೇಯಿಸುವುದು ಅವನಿಗೆ ಶೋಕಿಯಲ್ಲ, ಓದು ಮುಂದುವರಿಸುವ ದಾರಿ.

ನಾಲ್ವರ ಲೆಕ್ಕ

ಹೊಂದಿಕೆಯ ಮೊದಲ ಹೆಜ್ಜೆ ಅಳತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ತಟ್ಟೆಯನ್ನು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆಕಾಳು 35 ಗ್ರಾಂ, ಎಣ್ಣೆ 27 ಗ್ರಾಂ.

ಇದನ್ನು ನಾಲ್ವರಿಗೆ, ಏಳು ದಿನಕ್ಕೆ ಗುಣಿಸಿದರೆ ಪೇಟೆಯ ಚೀಟಿ ತಾನಾಗಿಯೇ ಸಿದ್ಧವಾಗುತ್ತದೆ. ಧಾನ್ಯ 7 ಕಿಲೋ. ಬೇಳೆಕಾಳು ಸುಮಾರು ಎರಡೂವರೆ ಕಿಲೋ. ಸೊಪ್ಪು ತರಕಾರಿ 11 ಕಿಲೋ. ಹಣ್ಣು 3 ಕಿಲೋಗೆ ಸ್ವಲ್ಪ ಕಡಿಮೆ. ಹಾಲು ಮೊಸರು ಎಂಟೂವರೆ ಲೀಟರ್. ಶೇಂಗಾ, ಗುರೆಳ್ಳು, ಅಗಸಿ, ಎಳ್ಳು ಎಲ್ಲ ಕೂಡಿ 1 ಕಿಲೋ. ಎಣ್ಣೆ ಮುಕ್ಕಾಲು ಕಿಲೋ. ಆಟವಾಡುವ, ಬೆಳೆಯುವ ಹುಡುಗರಿಗೆ ಧಾನ್ಯ, ಕಾಳು ಸ್ವಲ್ಪ ಹೆಚ್ಚು ಬೇಕು.

ಈಗ ಈ ಚೀಟಿಯನ್ನು ಮೂರು ಪಾಲು ಮಾಡಬೇಕು. ಮೊದಲನೆಯದು ಊರಿಂದ ಬರುವುದು: ಜೋಳ, ಬೇಳೆಕಾಳು, ಹಿಂಡಿ, ಖಾರಪುಡಿ, ಉಪ್ಪಿನಕಾಯಿ. ಇವು ಕೆಡುವಂಥವಲ್ಲ, ತಿಂಗಳಿಗೊಮ್ಮೆ ಬಂದರೆ ಸಾಕು. ಹೊಲ ಇದ್ದವರ ಮನೆಯಲ್ಲಿ ಇವಕ್ಕೆ ಕೈಯಿಂದ ದುಡ್ಡು ಬೀಳುವುದಿಲ್ಲ. ಎರಡನೆಯದು ಊರೊಳಗೆ ವಾರಕ್ಕೆರಡು ಸಲ ಕೊಳ್ಳುವುದು: ಸೊಪ್ಪು, ತರಕಾರಿ, ಹಣ್ಣು. ಮೂರನೆಯದು ದಿನಾ ಬರುವುದು: ಹಾಲು. ಮೊಸರನ್ನು ಕೋಣೆಯಲ್ಲೇ ಹೆಪ್ಪು ಹಾಕಬಹುದು.

ರೊಟ್ಟಿಯ ವಿಷಯದಲ್ಲಿ ಹಟ ಬೇಡ. ಬಡಿಯುವ ವಿದ್ಯೆ ಒಂದು ವಾರಕ್ಕೆ ಬರುವಂಥದಲ್ಲ. ಊರಿಂದ ಕಟಕ ರೊಟ್ಟಿ ತರಿಸಿಕೊಳ್ಳಬಹುದು, ಇಲ್ಲವೆ ಧಾರವಾಡ, ಹುಬ್ಬಳ್ಳಿಗಳಲ್ಲಿ ಮಹಿಳೆಯರು ಮನೆಯಲ್ಲಿ ಮಾಡಿ ಎಣಿಸಿ ಮಾರುವ ರೊಟ್ಟಿ ಕೊಳ್ಳಬಹುದು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟೆಂದರೆ 4 ಕಿಲೋ ಜೋಳಕ್ಕೆ 80 ರೊಟ್ಟಿ. ನಾಲ್ವರಲ್ಲಿ ಹಂಚಿದರೆ ದಿನಕ್ಕೆ ಒಬ್ಬನಿಗೆ ಮೂರರ ಹತ್ತಿರ. ಉಳಿದ 3 ಕಿಲೋ ಧಾನ್ಯಕ್ಕೆ ಅಕ್ಕಿ, ಅವಲಕ್ಕಿ, ಜೋಳದ ನುಚ್ಚು. ಸ್ವತಃ ರೊಟ್ಟಿ ಬಡಿಯುವವರು ಹಿಟ್ಟನ್ನು ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿಕೊಳ್ಳಬೇಕು. ಹಳೆಯ ಹಿಟ್ಟು ಜಿಗಿ ಕಳೆದುಕೊಂಡು ಕಹಿಯಾಗುತ್ತದೆ, ರೊಟ್ಟಿ ಬಿರಿಯುತ್ತದೆ.

ಇನ್ನು ಕೆಲಸದ ಪಾಲು. ನಾಲ್ವರಲ್ಲಿ ಒಬ್ಬ ಪೇಟೆ, ಒಬ್ಬ ಹೆಚ್ಚುವುದು, ಒಬ್ಬ ಬೇಯಿಸುವುದು, ಒಬ್ಬ ಪಾತ್ರೆ. ಪ್ರತಿ ವಾರ ಸರದಿ ಬದಲು. ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ ಬರೆದಿಟ್ಟರೆ ಜಗಳ ಅರ್ಧ ಕಡಿಮೆ. ಖರ್ಚಿಗೆ ಎರಡು ರೂಪಾಯಿಯ ಲೆಕ್ಕವೂ ತಪ್ಪದ ಒಂದು ನೋಟುಪುಸ್ತಕ. ಪರೀಕ್ಷೆಯ ವಾರದಲ್ಲಿ ಯಾರ ಪರೀಕ್ಷೆಯೋ ಅವನಿಗೆ ರಜೆ. ಇಷ್ಟೇ ನಿಯಮ. ಕೋಣೆಯ ಅಡುಗೆ ನಿಂತುಹೋಗುವುದು ಹೆಚ್ಚಾಗಿ ರುಚಿ ಕೆಟ್ಟದ್ದರಿಂದಲ್ಲ. ಪಾತ್ರೆ ಯಾರು ತೊಳೆಯಬೇಕೆಂಬ ಮಾತಿನಿಂದ.

ಒಂದು ಕುಕ್ಕರು, ಒಂದು ಬಾಣಲೆ

ಸಾಮಾನು ಬಹಳ ಬೇಡ. ಮೂರು ಲೀಟರಿನ ಕುಕ್ಕರು, ಒಂದು ಕಬ್ಬಿಣದ ಬಾಣಲೆ, ಒಂದು ಚಾಕು, ಒಂದು ಪಾತ್ರೆ, ಕಾಳು ಕಟ್ಟಲು ತೆಳುವಾದ ಬಟ್ಟೆ, ಮುಚ್ಚಳವಿರುವ ನಾಲ್ಕು ಡಬ್ಬಿ. ಇಷ್ಟರಲ್ಲಿ ವಾರದ ಊಟ ನಡೆಯುತ್ತದೆ.

ಸೋಮವಾರ ಜೋಳದ ನುಚ್ಚು. ಒಂದು ಅಳತೆ ನುಚ್ಚನ್ನು ಬೆಳಿಗ್ಗೆಯೇ ನೆನೆಹಾಕಿ, ರಾತ್ರಿ ನಾಲ್ಕು ಅಳತೆ ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೆ ಮಜ್ಜಿಗೆಯೊಡನೆ ಹೊಟ್ಟೆ ತುಂಬುವ ಊಟ. ಜೊತೆಗೆ ಬಾಣಲೆಯಲ್ಲಿ ಬಾಡಿಸಿದ ಮೆಂತ್ಯೆ ಸೊಪ್ಪು. ಮಂಗಳವಾರ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ. ಬುಧವಾರ ಅನ್ನ, ಪುಂಡಿಪಲ್ಯ. ಇದಕ್ಕೆ ತೊಗರಿಬೇಳೆಯ ಜೊತೆ ಒಂದು ಹಿಡಿ ನುಚ್ಚು ಸೇರಿಸಿ ಬೇಯಿಸಿ, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ಪುಂಡಿಗೆ ತನ್ನದೇ ಹುಳಿಯಿರುವುದರಿಂದ ಹುಣಸೆಹಣ್ಣು ಬೇಡ. ಗುರುವಾರ ಜುಣಕ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ ಬಾಡಿಸಿ, ನೀರಿನಲ್ಲಿ ಗಂಟಿಲ್ಲದೆ ಕಲಸಿದ ಕಡಲೆಹಿಟ್ಟು ಸುರಿದು ಕೈಯಾಡಿಸಿದರೆ ಹತ್ತು ನಿಮಿಷದಲ್ಲಿ ಸಿದ್ಧ. ತರಕಾರಿ ಮುಗಿದ ದಿನಕ್ಕೆ ಇದು ಆಪದ್ಬಾಂಧವ. ಶುಕ್ರವಾರ ಅಕ್ಕಿ, ಹೆಸರುಬೇಳೆ, ಗಜ್ಜರಿ, ಬೀನ್ಸ್ ಕೂಡಿದ ಕಿಚಡಿ. ಶನಿವಾರ ಮಡಕಿಕಾಳಿನ ಉಸಳಿ. ರವಿವಾರ ಎಲ್ಲರಿಗೂ ಬಿಡುವಿದ್ದರೆ ಎಣ್ಣೆಗಾಯಿ: ಎಳೆಯ ಬದನೆಕಾಯಿ ಸೀಳಿ ಶೇಂಗಾಪುಡಿ, ಗುರೆಳ್ಳುಪುಡಿ, ಖಾರ ತುಂಬಿ ಸಣ್ಣ ಉರಿಯಲ್ಲಿ.

ಕಾಳನ್ನು ಧಾನ್ಯದ ಜೊತೆ ಕೂಡಿಸುವುದರಲ್ಲಿ ಒಂದು ಗುಟ್ಟಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಬೇಳೆಕಾಳಿನಲ್ಲಿ ಅದು ಹೇರಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಾಳನ್ನು ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೂವರೆ ದಿನದಲ್ಲಿ ಮೊಳಕೆ. ಗ್ಯಾಸು ಉಳಿಯುತ್ತದೆ, ಸಿ ಜೀವಸತ್ವ ಸೇರುತ್ತದೆ. ಊಟದ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣು ಅಥವಾ ತಿಂದ ಒಂದು ಪೇರಲ, ಜೋಳದ ಮತ್ತು ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಉಂಡ ಕೂಡಲೇ ಕುಡಿದ ಚಹಾ ಅದಕ್ಕೆ ಅಡ್ಡಿ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಿನ ಅಂತರ ಇದ್ದರೆ ಲೇಸು.

ಒಲೆಗೆ ಅವಕಾಶವೇ ಇಲ್ಲದ ಕೋಣೆಗಳಿವೆ. ಅಲ್ಲಿರುವವರೂ ಕೈಕಟ್ಟಿ ಕೂಡಬೇಕಿಲ್ಲ. ತೆಳು ಅವಲಕ್ಕಿಗೆ ಮೆಂತ್ಯೆ ಹಿಟ್ಟು, ಎಣ್ಣೆ, ಹುರಿದ ಶೇಂಗಾ, ಉಳ್ಳಾಗಡ್ಡಿ, ಲಿಂಬೆರಸ ಕಲಸಿದರೆ ಹಚ್ಚಿದ ಅವಲಕ್ಕಿ. ನೆನೆದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ ಹಾಕಿದರೆ ಕೋಸಂಬರಿ. ರೊಟ್ಟಿ, ಹಿಂಡಿ, ಮೊಸರು, ಹಸಿ ಮೆಂತ್ಯೆ, ಹಕ್ಕರಕಿ ಸೊಪ್ಪು, ಗಜ್ಜರಿ. ಈ ಭಾಗದ ಜನ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿದು ತಿನ್ನುವುದು ಹೊಸತೇನಲ್ಲ. ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಅಷ್ಟೇ.

ಎಚ್ಚರಿಕೆಯ ಎರಡು ಮಾತು. ಮುಚ್ಚಿದ ಕೋಣೆಯಲ್ಲಿ ಗ್ಯಾಸು ಉರಿಸಬಾರದು; ಅಂಗಡಿಯ ಹಿಂಬದಿಯಲ್ಲಿ ಅಕ್ರಮವಾಗಿ ತುಂಬಿಕೊಡುವ ಸಣ್ಣ ಸಿಲಿಂಡರು ಎಷ್ಟೇ ಅಗ್ಗವಾದರೂ ಬೇಡ. ಇನ್ನೊಂದು, ಮಧ್ಯಾಹ್ನದ ಅನ್ನವನ್ನು ಹಾಗೇ ಇಟ್ಟು ರಾತ್ರಿ ಕಲಸಿ ತಿನ್ನುವುದು. ಬೆಂದರೂ ಸಾಯದೆ ಉಳಿಯುವ ಕೆಲವು ರೋಗಾಣು ಬೀಜಗಳು ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಅನ್ನ ಹೊತ್ತಿಗೆಷ್ಟೋ ಅಷ್ಟೇ ಆಗಲಿ. ಇಟ್ಟು ಉಣ್ಣಲು ರೊಟ್ಟಿ ಇದ್ದೇ ಇದೆ.

ಋತುವಿನ ಕೈಹಿಡಿದು

ಅಗ್ಗವಾಗಿ ಉಣ್ಣಬೇಕೆನ್ನುವವರಿಗೆ ಋತುವಿಗಿಂತ ಒಳ್ಳೆಯ ಗುರುವಿಲ್ಲ. ಕಾಲೇಜು ಶುರುವಾಗುವ ಮಳೆಗಾಲದಲ್ಲಿ ಹೊಲದ ಬದುವಿನ ಸೊಪ್ಪುಗಳು ಪೇಟೆಗೆ ಬರುತ್ತವೆ. ಮಾಗಿಯ ಚಳಿಯಲ್ಲಿ ಮೆಂತ್ಯೆ, ಗಜ್ಜರಿ, ಮೂಲಂಗಿ, ಅವರೆ ರಾಶಿ ಬೀಳುತ್ತವೆ. ಹಿಂಗಾರಿ ಜೋಳ ಹಾಲುಗಾಳಾದಾಗ ಹೊಲಗಳಲ್ಲಿ ಸೀತನಿಯ ಸಂಭ್ರಮ. ಸುಗ್ಗಿ ಮುಗಿದ ಮೇಲೆ ಹೊಸ ಜೋಳ, ಹೊಸ ಕಡಲೆ. ವರ್ಷದ ಕಾಳು ಕೊಳ್ಳಲು ಅದು ಸರಿಯಾದ ಕಾಲ. ಬೇಸಿಗೆಯಲ್ಲಿ ಮಜ್ಜಿಗೆ, ಅಂಬಲಿ, ಮಾವು. ಯಾವ ಸೊಪ್ಪು ಅಗ್ಗವೋ ಅದೇ ಆ ದಿನದ ಪಲ್ಯ ಎಂದು ಹೊರಟರೆ ಚೌಕಾಸಿ ಮಾಡುವ ಶ್ರಮವೂ ಉಳಿಯುತ್ತದೆ. ಪುಂಡಿ ಇಲ್ಲದಿದ್ದರೆ ರಾಜಗಿರಿ, ರಾಜಗಿರಿ ಇಲ್ಲದಿದ್ದರೆ ಸಬ್ಬಸಗಿ.

ಸೊಪ್ಪು ಮಾರುವ ಹೆಣ್ಣುಮಗಳನ್ನು ‘ಇದನ್ನ ಹೆಂಗ ಮಾಡೂದು?’ ಎಂದು ಕೇಳಿದರೆ ಕಟ್ಟಿನ ಜೊತೆ ಪಾಕವೂ ಪುಕ್ಕಟೆ ಸಿಗುತ್ತದೆ. ಪುಸ್ತಕದಲ್ಲಿ ಸಿಗದ ಇಂಥ ಪಾಠಗಳಿಗೆ ಧಾರವಾಡದ ಪೇಟೆ ಒಂದು ಬಯಲು ಶಾಲೆ.

ಪಾಲಕರ ಪಾಲು, ಊರಿನ ಪಾಲು

ಪಾಲಕರು ಮಕ್ಕಳನ್ನು ಓದಲು ಕಳಿಸುವ ಮುನ್ನ ಹಾಸಿಗೆ, ಟ್ರಂಕು, ಶುಲ್ಕ ಎಲ್ಲವನ್ನೂ ಹೊಂದಿಸುತ್ತಾರೆ. ಹತ್ತನೆಯ ತರಗತಿ ಮುಗಿದ ರಜೆಯಲ್ಲಿ ಐದು ಅಡುಗೆ ಕಲಿಸಿ ಕಳಿಸುವುದು ಇವಕ್ಕಿಂತ ಕಡಿಮೆಯ ಸಿದ್ಧತೆಯಲ್ಲ. ಗಂಡುಮಕ್ಕಳಿಗೆ ಮೊದಲು ಕಲಿಸಬೇಕು. ಹೆಣ್ಣುಮಕ್ಕಳು ಹೇಗೋ ನೋಡಿ ಕಲಿತಿರುತ್ತಾರೆ ಎಂಬ ಕಾರಣಕ್ಕೆ. ಒಲೆ ಹಚ್ಚುವುದು, ಬೇಳೆ ಬೇಯಿಸುವುದು, ಒಗ್ಗರಣೆ ಹಾಕುವುದು, ಕಾಳಿಗೆ ಮೊಳಕೆ ಬರಿಸುವುದು, ಹಾಲಿಗೆ ಹೆಪ್ಪು ಹಾಕುವುದು. ಈ ಐದು ಬಂದವನು ಎಲ್ಲಿಯೂ ಹಸಿದು ಮಲಗುವುದಿಲ್ಲ. ತಾಯಿಯ ಬುತ್ತಿಯೂ ಆಗ ದಿನದ ಹೊರೆಯಾಗದೆ ತಿಂಗಳಿಗೊಮ್ಮೆಯ ಪ್ರೀತಿಯಾಗುತ್ತದೆ.

ಮನೆ ಬಾಡಿಗೆಗೆ ಕೊಡುವವರು ಅಡುಗೆಗೆ ಗಾಳಿಯಾಡುವ ಒಂದು ಮೂಲೆ, ಒಂದು ನಲ್ಲಿ ಕೊಟ್ಟರೆ ಅವರ ಗೋಡೆಗಳೂ ಕಪ್ಪಾಗುವುದಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ, ಮೊದಲು ಗ್ರಾಮೀಣ ಗೃಹವಿಜ್ಞಾನ ಕಾಲೇಜೆಂದು ಹೆಸರಾಗಿದ್ದ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಿದೆ. ಆಹಾರ, ಪೋಷಣೆ ಅಲ್ಲಿನ ಪಾಠದ ವಿಷಯ. ಜೋಳ, ಸಿರಿಧಾನ್ಯಗಳ ಮೇಲೆ ಕೆಲಸ ಮಾಡುವವರು ಅದೇ ಆವರಣದಲ್ಲಿದ್ದಾರೆ. ಪ್ರತಿ ವರ್ಷ ಜುಲೈನಲ್ಲಿ ಹೊಸದಾಗಿ ಊರಿಗೆ ಬರುವ ವಿದ್ಯಾರ್ಥಿಗಳಿಗೆ ಒಂದು ದಿನದ ಅಡುಗೆ ಪಾಠ, ಒಂದು ಪುಟದ ಋತುಪಟ್ಟಿ ಕೊಡಲು ಇದಕ್ಕಿಂತ ತಕ್ಕ ಜಾಗ ಬೇರೆ ಸಿಗಲಿಕ್ಕಿಲ್ಲ. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ಹಳೆಯ ವಿದ್ಯಾರ್ಥಿಗಳ ಕೋಣೆಗಳನ್ನೂ ಹೊಸಬರನ್ನೂ ಜೋಡಿಸಬಹುದು. ದೊಡ್ಡ ಅನುದಾನ ಬೇಡುವ ಕೆಲಸಗಳಲ್ಲ ಇವು.

ಇದರಲ್ಲಿ ರೈತನ ಪಾಲೂ ಇದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಪಟ್ಟಿಯಲ್ಲಿ ಜೋಳವೂ ಇತ್ತು. ಮೇಳಗಳಾದವು, ಜೋಳದ ಬಿಸ್ಕತ್ತುಗಳು ಬಂದವು. ಆದರೆ ಈ ನಾಡಿನಲ್ಲಿ ಜೋಳ ಬಿತ್ತುವ ನೆಲ ದಶಕಗಳಿಂದ ಕುಗ್ಗುತ್ತಲೇ ಬಂದಿದೆ. ಆ ಜಾಗಕ್ಕೆ ಗೋವಿನಜೋಳ, ಹತ್ತಿ, ಕಡಲೆ ಬಂದಿವೆ. ಇಪ್ಪತ್ತರ ವಯಸ್ಸಿನಲ್ಲಿ ಅನ್ನ, ಮೈದಾಕ್ಕೆ ಹೊಂದಿಕೊಂ‍ಡ ನಾಲಿಗೆ ನಲವತ್ತರಲ್ಲಿ ತಾನಾಗಿ ಜೋಳಕ್ಕೆ ಮರಳುವುದಿಲ್ಲ. ಹೆಚ್ಚೆಂದರೆ ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರ ಮಾತಿಗೆ ಮರಳುತ್ತದೆ. ಎರೆಹೊಲದಲ್ಲಿ ಮುಂದೆಯೂ ಜೋಳ ತೆನೆಗಟ್ಟಬೇಕಾದರೆ ಸಪ್ತಾಪುರದ ಕೋಣೆಗಳಲ್ಲಿ ಅದನ್ನು ಕೇಳುವವರಿರಬೇಕು.

ಓದು ಮುಗಿಸಿದವರು ಧಾರವಾಡ ಬಿಡುತ್ತಾರೆ. ಯಾರೋ ಮಂಗಳೂರಿಗೆ, ಯಾರೋ ತುಮಕೂರಿಗೆ, ಯಾರೋ ಬೆಂಗಳೂರಿಗೆ ಕೆಲಸ ಹುಡುಕಿ ಹೋಗುತ್ತಾರೆ. ಅಲ್ಲಿ ಪುಂಡಿಪಲ್ಯ, ಹಕ್ಕರಕಿ ಸಿಗದಿರಬಹುದು. ಆದರೆ ಹೊಂದಿಕೆಯ ಕ್ರಮ ಎಲ್ಲಿಯೂ ಒಂದೇ: ಇಲ್ಲಿಯ ಮಣ್ಣಿನ ಧಾನ್ಯ ಯಾವುದು, ಅದಕ್ಕೆ ಜೋಡಿಯಾಗುವ ಕಾಳು ಯಾವುದು, ಈ ವಾರ ಅಗ್ಗವಾದ ಸೊಪ್ಪು ಯಾವುದು, ಇವತ್ತು ಪಾತ್ರೆ ತೊಳೆಯುವ ಸರದಿ ಯಾರದು. ಮಂಗಳೂರಿನಲ್ಲಿ ಉತ್ತರ ಕುಚ್ಚಲಕ್ಕಿ ಗಂಜಿ, ಹುರುಳಿ, ಬಸಳೆ ಎಂದು ಬರುತ್ತದೆ. ತುಮಕೂರಿನಲ್ಲಿ ರಾಗಿ ಮುದ್ದೆ, ಅವರೆಕಾಳು, ದಂಟಿನ ಸೊಪ್ಪು ಎಂದು ಬರುತ್ತದೆ. ಧಾರವಾಡದಲ್ಲಿ ಕಲಿತ ಹುಡುಗ ಬೆಂಗಳೂರಿನ ಕೋಣೆಯಲ್ಲಿ ಊರಿಗೆ ಫೋನು ಮಾಡಿದಾಗ, ‘ಉಂಡೆಯೇನಪಾ?’ ಎಂಬ ಪ್ರಶ್ನೆಗೆ ‘ಹೂಂ’ ಎಂದಷ್ಟೇ ಹೇಳಿ ಸುಮ್ಮನಾಗಬೇಕಾಗುವುದಿಲ್ಲ. ಏನು ಮಾಡಿದ್ದು, ಹೇಗೆ ಮಾಡಿದ್ದು ಎಂದೂ ಹೇಳಬಲ್ಲ.